ಅಮೆರಿಕದ ಸೆನೆಟ್‌ನಲ್ಲಿ 51 ಮತ ಇದ್ದರೂ ಮಸೂದೆ ಏಕೆ ಸಿಕ್ಕಿಹಾಕಿಕೊಳ್ಳುತ್ತದೆ? ಬಹುಮತದ ಪಕ್ಷ ನಿಯಮವನ್ನೇ ಬದಲಿಸಿಕೊಳ್ಳಬಾರದೇ?

ಬದಲಿಸಿಕೊಳ್ಳಬಹುದು, ಬದಲಿಸಿಕೊಂಡದ್ದೂ ಇದೆ. ಮಸೂದೆ ಪಾಸಾಗಲು ನಮ್ಮ ಲೋಕಸಭೆಯಂತೆ ಅಲ್ಲಿಯೂ ಸರಳ ಬಹುಮತ ಸಾಕು. ತೊಡಕು ಅದಕ್ಕೂ ಮೊದಲೇ ಇದೆ: ಚರ್ಚೆ ಮುಗಿಸಿ ಮತಕ್ಕೆ ಹಾಕಲು 100ರಲ್ಲಿ 60 ಸದಸ್ಯರು ಒಪ್ಪಬೇಕು. ಈ ತಡೆಯೇ ಫಿಲಿಬಸ್ಟರ್.

ನಿಯಮವನ್ನು ನೇರವಾಗಿ ತಿದ್ದಲು ಹೊರಟರೆ ಆ ಚರ್ಚೆ ಮುಗಿಸಲು ಇನ್ನೂ ಹೆಚ್ಚು, ಮೂರರಲ್ಲಿ ಎರಡು ಭಾಗದ ಬೆಂಬಲ ಬೇಕು. ಹಾಗಾಗಿ ಹಿತ್ತಲ ಬಾಗಿಲು. 2013ರ ನವೆಂಬರ್‌ನಲ್ಲಿ ಡೆಮಾಕ್ರಟಿಕ್ ನಾಯಕ ಹ್ಯಾರಿ ರೀಡ್, ಅಧ್ಯಕ್ಷರು ಸೂಚಿಸಿದವರ ನೇಮಕಾತಿಗಳ ಚರ್ಚೆ ಮುಗಿಸಲು ಸರಳ ಬಹುಮತವೇ ಸಾಕು ಎಂದು ಕ್ರಿಯಾಲೋಪ ಎತ್ತಿದರು. ನಿಯಮ ಹಾಗಿಲ್ಲ ಎಂದು ಸೆನೆಟ್‌ನ ಸಭಾಧ್ಯಕ್ಷರ ಪೀಠ ತೀರ್ಪಿತ್ತಿತು. ಅಂಥ ತೀರ್ಪನ್ನು ತಳ್ಳಿಹಾಕಲು ಸರಳ ಬಹುಮತ ಸಾಕು; ಸದಸ್ಯರು ಅದನ್ನೇ 52-48 ಮತಗಳಿಂದ ತಳ್ಳಿಹಾಕಿದರು. ಪುಸ್ತಕದಲ್ಲಿದ್ದ ಅಕ್ಷರ ಹಾಗೇ ಉಳಿಯಿತು, ಅರ್ಥ ಮಾತ್ರ ಬದಲಾಯಿತು! ಇದನ್ನೇ ‘ನ್ಯೂಕ್ಲಿಯರ್ ಆಪ್ಷನ್’ ಎನ್ನುತ್ತಾರೆ.

ಆಗ ಸುಪ್ರೀಂ ಕೋರ್ಟ್ ನೇಮಕವನ್ನು ಹೊರಗಿಟ್ಟಿದ್ದರು. 2017ರಲ್ಲಿ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಅದೇ ತಂತ್ರದಿಂದ ಅದನ್ನೂ ಒಳಗೆ ಸೇರಿಸಿ ನೀಲ್ ಗೊರ್ಸಚ್ ಅವರನ್ನು ನ್ಯಾಯಮೂರ್ತಿ ಮಾಡಿಸಿದರು. ಡೆಮಾಕ್ರಟರು ತೆರೆದ ಬಾಗಿಲಲ್ಲಿ ಎದುರಾಳಿಗಳು ನಡೆದುಹೋದರು, ಅಷ್ಟೇ.

ಮಸೂದೆಗಳಿಗೆ ಮಾತ್ರ ಇದು ಇನ್ನೂ ಆಗಿಲ್ಲ. 2022ರ ಜನವರಿಯಲ್ಲಿ ಮತದಾನ ಹಕ್ಕಿನ ಮಸೂದೆಗಾಗಿ ಡೆಮಾಕ್ರಟರು ಯತ್ನಿಸಿದಾಗ ಅವರದೇ ಪಕ್ಷದ ಸದಸ್ಯರಾದ ಜೋ ಮ್ಯಾಂಚಿನ್ ಮತ್ತು ಕಿರ್ಸ್ಟನ್ ಸಿನೆಮಾ ಒಪ್ಪಲಿಲ್ಲ. ತೆರಿಗೆ, ಖರ್ಚಿನ ವಿಷಯಗಳಿಗೆ ‘ರೀಕನ್ಸಿಲಿಯೇಷನ್’ ಎಂಬ, 60 ಮತ ಬೇಡದ ಬೇರೆಯೇ ದಾರಿಯಿದೆ. 2017ರ ತೆರಿಗೆ ಕಡಿತ ಅದರಲ್ಲೇ 51-48ರಿಂದ ದಾಟಿತು.