ಒಂಬತ್ತು ದಿನ ಸಾಲದು, ಮಾರಾಯ್ರೆ

ಈ ಸಲದ ಪತ್ರ ಶಿರಸಿ ಹತ್ತಿರದ ಹಳ್ಳಿಯೊಂದರಿಂದ ಬಂದಿದೆ. "ಹೆಸರು ಹಾಕಬೇಡಿ, ಮನೆಯಲ್ಲಿ ಇನ್ನೂ ಹೇಳಿಲ್ಲ" ಎಂದು ಕೊನೆಯಲ್ಲಿ ಬರೆದು ಅಡಿಗೆ ಎರಡು ಗೆರೆ ಎಳೆದಿದ್ದಾರೆ. ಹಾಗಾಗಿ ಹೆಸರು ಬಿಟ್ಟು ಸಾರಾಂಶ ಮಾತ್ರ ಕೊಡುತ್ತೇನೆ.

ಬರೆದವರಿಗೆ 64 ವರ್ಷ. ಬ್ಯಾಂಕಿನ ನೌಕರಿ ಮುಗಿಸಿ ತೋಟ ನೋಡಿಕೊಂಡಿದ್ದಾರೆ. ಹೆಚ್ಚು ಕಡಿಮೆ ಅದೇ ವಯಸ್ಸಿನ ಏಳು ಗೆಳೆಯರು ಸೇರಿ ಮೂರು ಜೀಪಿನಲ್ಲಿ ಹಿಮಾಲಯದ ಆಚೆಗಿನ ಮರಳುಗಾಡಿನ ಬೆಟ್ಟಗಳಿಗೆ ಹೋಗಬೇಕೆಂದಿದ್ದಾರೆ. ಮನಾಲಿಯಿಂದ ಕುಂಜುಮ್ ಘಟ್ಟ ಹತ್ತಿ ಸ್ಪಿತಿಯ ಕಾಜಾ, ಅಲ್ಲಿಂದ ವಾಪಸು ಬಂದು ಬಾರಾಲಾಚಾ ಘಟ್ಟ ದಾಟಿ ಲೇಹ್, ಪ್ಯಾಂಗಾಂಗ್ ಸರೋವರ. ಮನಾಲಿಯಿಂದ ಮನಾಲಿಗೆ ಒಟ್ಟು ಒಂಬತ್ತು ದಿನ. ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದ ವೇಳಾಪಟ್ಟಿಯನ್ನೂ ಲಗತ್ತಿಸಿದ್ದಾರೆ. ಆಮೇಲೆ ನನಗೊಂದು ಬೈಗುಳ: "ಕಳೆದ ಸಂಚಿಕೆಯಲ್ಲಿ ಸ್ಪಿತಿಯ ನೀಲಿ ಆಕಾಶ ಹಾಕಿ ನಮ್ಮಂಥವರ ನಿದ್ದೆ ಕೆಡಿಸಿದಿರಿ. ಅಪಾಯದ ಬಗ್ಗೆ ಒಂದು ಸಾಲೂ ಇಲ್ಲ. ಮಗ ಕೇಳಿದರೆ, ಈ ವಯಸ್ಸಿಗೆ ಕಾಶಿಗೆ ಹೋಗಿ, ವಿಮಾನದ ಟಿಕೆಟ್ ನಾನೇ ತೆಗೆಸಿಕೊಡುತ್ತೇನೆ ಅನ್ನುತ್ತಾನೆ. ನೀವೇನು ಹೇಳುತ್ತೀರಿ?"

ಬೈಗುಳ ಒಪ್ಪಿದೆ. ಆ ಲೇಖನಕ್ಕೆ ನಾಲ್ಕು ಪುಟ ಚಿತ್ರ ಹಾಕಿದವನು ನಾನೇ. ಬರೆದವರು ಕಳಿಸಿದ್ದ ಎಚ್ಚರಿಕೆಯ ಪ್ಯಾರಾವನ್ನು ಜಾಗ ಸಾಲದೆಂದು ಕತ್ತರಿಸಿದವನೂ ನಾನೇ. ಅದರ ಸಾಲವನ್ನು ಇಲ್ಲಿ ಬಡ್ಡಿ ಸಮೇತ ತೀರಿಸುತ್ತೇನೆ.

ಮೊದಲು ನಿಮ್ಮ ಮಗನಿಗೆ ಉತ್ತರ. ಎತ್ತರದ ಕಾಯಿಲೆ ವಯಸ್ಸು ನೋಡಿ ಬರುವುದಿಲ್ಲ. ಇಪ್ಪತ್ತೈದರ ಹುಡುಗ ಜಿಮ್ಮಿನಲ್ಲಿ ಬೆವರಿಳಿಸಿ ಬಂದಿದ್ದರೂ ಲೇಹ್‌ನಲ್ಲಿ ಇಳಿದ ರಾತ್ರಿಯೇ ವಾಂತಿ ಮಾಡಿಕೊಂಡು ಮಲಗಬಹುದು. ಪಕ್ಕದ ಕೋಣೆಯ ಅಜ್ಜ ಗೊರಕೆ ಹೊಡೆಯುತ್ತಿರಬಹುದು. ಅದು ಮುಖ್ಯವಾಗಿ ನೋಡುವುದು ಒಂದನ್ನು: ನೀವು ಎಷ್ಟು ಬೇಗ ಮೇಲೆ ಹತ್ತಿದಿರಿ ಎಂಬುದನ್ನು. ವಯಸ್ಸಾದವರಿಗೆ ಬೇರೆ ಲೆಕ್ಕವೂ ಇದೆ, ಇಲ್ಲವೆನ್ನುವುದಿಲ್ಲ. ಬಿಪಿ, ಸಕ್ಕರೆ, ಹೃದಯಕ್ಕೆ ಹಾಕಿಸಿಕೊಂಡ ಸ್ಟೆಂಟ್, ಹಳೆಯ ಉಬ್ಬಸ. ಏಳು ಜನರಲ್ಲಿ ಯಾರಿಗೆ ಏನಿದೆ ಎಂಬುದು ಉಳಿದ ಆರು ಮಂದಿಗೆ ಹೊರಡುವ ಮೊದಲೇ ಗೊತ್ತಿರಬೇಕು. ನಮ್ಮ ಕಡೆ ಗಂಡಸರು ತಮ್ಮ ಸಕ್ಕರೆ ಕಾಯಿಲೆಯನ್ನು ಬ್ಯಾಂಕ್ ಬ್ಯಾಲೆನ್ಸಿಗಿಂತ ಗುಟ್ಟಾಗಿ ಇಡುತ್ತಾರೆ.

ಇನ್ನು ಕ್ಯಾಲೆಂಡರ್ ಹಾಳೆಯ ವಿಷಯ. ಇದು ವಾರದ ರಜೆ ಹಾಕಿ ಬರುವ ಬೆಂಗಳೂರಿನ ಹುಡುಗರ ವೇಳಾಪಟ್ಟಿ. ಸೋಮವಾರ ಆಫೀಸಿಗೆ ಹಾಜರಾಗಬೇಕಾದವರು ಹೀಗೆ ಓಡುತ್ತಾರೆ. ನಿಮಗೆ ಯಾವ ಸೋಮವಾರ ಮಾರಾಯ್ರೆ? ಮೂವತ್ತೈದು ವರ್ಷ ದುಡಿದು ಸಂಪಾದಿಸಿದ್ದು ಪಿಂಚಣಿಯನ್ನಷ್ಟೇ ಅಲ್ಲ, ದಿನಗಳನ್ನೂ. ಆ ಬೆಟ್ಟ ಕೇಳುವುದು ಅದನ್ನೇ. ಎತ್ತರ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನೆ ಇದ್ದಲ್ಲೇ ಇರಬೇಕು ಎನ್ನುತ್ತಾರೆ ವೈದ್ಯರು. ನಿಮ್ಮ ಪಟ್ಟಿಯಲ್ಲಿ ಸುಮ್ಮನೆ ಕೂರುವ ದಿನ ಒಂದೂ ಇಲ್ಲ. ಮನಾಲಿ ಸುಮಾರು 2,050 ಮೀಟರ್. ಅಲ್ಲಿಂದ ಬೆಳಗ್ಗೆ ಹೊರಟು, 4,500 ಮೀಟರ್ ಮೀರಿದ ಕುಂಜುಮ್ ದಾಟಿ, ಸಂಜೆಗೆ 3,600 ಮೀಟರ್ ಮೀರಿದ ಕಾಜಾದಲ್ಲಿ ಮಲಗುತ್ತೀರಿ. ಶಿರಸಿ ಇರುವುದು ಆರುನೂರು ಮೀಟರ್ ಆಸುಪಾಸಿನಲ್ಲಿ. ನಮ್ಮ ಕಾರವಾರದ್ದಂತೂ ಹೇಳುವುದೇ ಬೇಡ, ಕಡಲಿನ ಭರತ ಬಂದರೆ ಸೊನ್ನೆಗಿಂತ ಕೆಳಗೆ.

ಹೀಗೆ ಖಡಾಖಂಡಿತವಾಗಿ ಹೇಳಲು ಕಾರಣವಿದೆ. ಐದು ವರ್ಷದ ಹಿಂದೆ ನಾನೂ ಇದೇ ಕುಂಜುಮ್ ದಾರಿಯಲ್ಲಿ, ಇದೇ ಒಂದು ದಿನದ ಓಟದಲ್ಲಿ ಕಾಜಾಕ್ಕೆ ಹೋದವನು. ಎರಡು ಜೀಪು, ಆರು ಜನ, ಎಲ್ಲರೂ ಅರವತ್ತರ ಆಚೀಚೆ. ಕುಂಜುಮ್ ಕೆಳಗಿನ ಬಾತಲ್ ದಾಟುವಾಗಲೇ ತಲೆನೋವು ಶುರುವಾಗಿತ್ತು. ನಾನು ಹೇಳಲಿಲ್ಲ. ಸಂಪಾದಕ ಎಂಬ ಬಿಂಕ ಬೇರೆ. ಬಿಸಿಲಿಗೆ ಹಿಡಿದದ್ದು ಎಂದುಕೊಂಡೆ. ರಾತ್ರಿ ಮನೆವಸತಿಯಲ್ಲಿ ಸ್ವೆಟರಿನ ಗುಂಡಿ ಹಾಕಿಕೊಳ್ಳಲು ಹೋದರೆ ಬೆರಳಿಗೆ ತೂತು ಸಿಗುತ್ತಿಲ್ಲ. ಮೂರು ಸಲ ತಪ್ಪಿ, ನಾಲ್ಕನೇ ಸಲ ಮೇಲಿನ ಗುಂಡಿಯನ್ನು ಕೆಳಗಿನ ತೂತಿಗೆ ಸಿಕ್ಕಿಸಿ, ಸರಿಯಾಯಿತೆಂದು ಕೂತೆ. ಒಲೆಯ ಆಚೆ ಕೂತಿದ್ದ ಗೆಳೆಯನ ಹೆಂಡತಿ ನೋಡುತ್ತಿದ್ದರು. ಕುಮಟಾ ಕಡೆಯವರು, ನರ್ಸ್ ಆಗಿ ನಿವೃತ್ತರಾದವರು. "ಏಳಿ, ಈ ಜಮಖಾನದ ಪಟ್ಟಿ ಮೇಲೆ ನಡೀರಿ, ಹಿಮ್ಮಡಿಗೆ ಬೆರಳು ತಾಗಿಸಿ" ಎಂದರು. ಕುಡುಕರಿಗೆ ಪೊಲೀಸರು ಮಾಡಿಸುತ್ತಾರಲ್ಲ, ಹಾಗೆ. ಮೊದಲ ಹೆಜ್ಜೆ ಸರಿ. ಎರಡನೆಯದೂ ಸರಿ. ನಾಲ್ಕನೆಯದಕ್ಕೆ ನಾನು ಗೋಡೆ ಹಿಡಿದಿದ್ದೆ. ಅವರು ಮಾತಾಡಲಿಲ್ಲ, ಮೊಳೆಗೆ ನೇತು ಹಾಕಿದ್ದ ಜೀಪಿನ ಕೀಲಿ ತೆಗೆದುಕೊಂಡರು.

ಆ ರಾತ್ರಿ ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಗೆ. ಬೆಳಗಾದೊಡನೆ ಕೆಳಗೆ, ಕಿನ್ನೌರದ ದಿಕ್ಕಿಗೆ ಹೊರಡಿಸಿದರು. ಸಂಜೆ ರೆಕಾಂಗ್ ಪಿಯೋದ ಸೇಬಿನ ಮರಗಳು ಕಾಣುವ ಹೊತ್ತಿಗೆ ತಲೆ ನನ್ನದೇ ಎನ್ನಿಸತೊಡಗಿತು. ಮಿದುಳಿಗೆ ನೀರು ತುಂಬುವ ಕಾಯಿಲೆಯ ಮೊದಲ ಮೆಟ್ಟಿಲು ಅದು, ತಡಮಾಡಿದರೆ ಜೀವ ಹೋಗುತ್ತದೆ ಎಂಬುದು ಗೊತ್ತಾದದ್ದು ಆಮೇಲೆ. ನನ್ನ ಒಂದು ಸುಳ್ಳಿಗೆ ಐದು ಜನರ ಪ್ರವಾಸ ಅರ್ಧಕ್ಕೇ ನಿಂತಿತು. ಅವರು ಈವರೆಗೂ ಆ ಮಾತು ಎತ್ತಿಲ್ಲ, ಅದೇ ಚುಚ್ಚುತ್ತದೆ.

ಆದ್ದರಿಂದ ಲೇಹ್ ಬಿಡಿ. ಒಂದೇ ಮುಹೂರ್ತಕ್ಕೆ ಎರಡು ಮದುವೆ ಬೇಡ. ಲೇಹ್ ದಾರಿಯ ತಾಂಡಿಯಲ್ಲಿ ಪೆಟ್ರೋಲ್ ಬಂಕಿನ ಬಳಿ "ಮುಂದಿನ ಬಂಕ್ 365 ಕಿ.ಮೀ." ಎಂಬ ಪ್ರಸಿದ್ಧ ಬೋರ್ಡಿನ ಎದುರು ಫೋಟೊ ತೆಗೆಸಿಕೊಳ್ಳುವ ಆಸೆ ನಿಮಗಿದೆ, ಪತ್ರದಲ್ಲೇ ಬರೆದಿದ್ದೀರಿ. ಅದು ಇನ್ನೊಂದು ವರ್ಷಕ್ಕಿರಲಿ. ಈ ಸಲ ಸ್ಪಿತಿ ಮಾತ್ರ, ಅದೂ ಶಿಮ್ಲಾ ಕಡೆಯಿಂದ. ಸಟ್ಲೆಜ್ ನದಿಯ ಪಕ್ಕ ಹತ್ತುತ್ತ ಕಲ್ಪಾದಲ್ಲಿ ಎರಡು ರಾತ್ರಿ, ನಾಕೋ ದಾಟಿ ಟಾಬೊ, ಆಮೇಲೆ ಕಾಜಾ. ದೇಹಕ್ಕೆ ಗೊತ್ತೇ ಆಗದ ಹಾಗೆ ಎತ್ತರ ಏರುತ್ತದೆ. ಟಾಬೊದ ಮಣ್ಣಿನ ಬೌದ್ಧ ವಿಹಾರ ಕಟ್ಟಿದ್ದು ಕ್ರಿ.ಶ. 996ರಲ್ಲಿ. ಮಣ್ಣಿನ ಗೋಡೆ ಸಾವಿರ ವರ್ಷ ನಿಂತಿದೆ ಎಂದರೆ ಮಳೆಗಾಲಕ್ಕೆ ಮೊದಲು ಗೋಡೆಗೆ ತಟ್ಟಿ ಕಟ್ಟುವ ನಮಗೆ ನಂಬಿಕೆ ಬರುವುದು ಕಷ್ಟ. ಆ ಬೆಟ್ಟಗಳಿಗೆ ಮಳೆಯೇ ಇಲ್ಲ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 100 ಮಿಲಿಮೀಟರ್ ಆಸುಪಾಸು. ಜುಲೈನಲ್ಲಿ ನಮ್ಮಲ್ಲಿ ಒಂದೇ ರಾತ್ರಿ ಅಷ್ಟು ಸುರಿದ ದಿನಗಳಿವೆ.

ಯಾವಾಗ ಹೋಗುವುದು? ವಾಪಸು ಬರುವ ದಾರಿಯ ಕುಂಜುಮ್ ಹಿಮ ಕರಗಿ ತೆರೆಯುವುದು ಬೇಸಿಗೆ ಕೊನೆಗೆ, ಅಂದರೆ ನಮ್ಮಲ್ಲಿ ಮಳೆ ಹಿಡಿಯುವ ಹೊತ್ತಿಗೆ. ನೀವು ಜುಲೈ ಎಂದು ಬರೆದಿದ್ದೀರಿ. ಅಡಿಕೆಗೆ ಕೊಳೆರೋಗದ ಮದ್ದು, ಬೋರ್ಡೋ, ಯಾರು ಹೊಡೆಸುತ್ತಾರೆ? ಮೊದಲ ಮದ್ದು ಹೇಗೋ ಮುಗಿಸಿದರೂ ಎರಡನೆಯದರ ಸಮಯಕ್ಕೆ ನೀವು ಬೆಟ್ಟದಲ್ಲಿದ್ದರೆ, ಕೊಳೆ ಬಂತೋ ಇಲ್ಲವೋ ಎಂದು ಫೋನಿಗೆ ಸಿಗ್ನಲ್ ಹುಡುಕುತ್ತಲೇ ದಿನ ಕಳೆಯುತ್ತೀರಿ. ಎರಡೂ ಮದ್ದು ಮುಗಿಸಿ, ಚೌತಿಗೆ ಮನೆಯಲ್ಲಿದ್ದು, ಗಣಪತಿ ಕಳಿಸಿದ ಮೇಲೆ ಹೊರಡಿ. ಅಡಿಕೆಯ ಕೊನೆಕೊಯ್ಲಿಗೆ ಆಗಲೂ ಸಮಯವಿರುತ್ತದೆ. ಸೆಪ್ಟೆಂಬರಿನಲ್ಲಿ ಅಲ್ಲಿನ ಹಳ್ಳಗಳೂ ಇಳಿದಿರುತ್ತವೆ.

ಹಳ್ಳ ಎಂದೆ, ಅದೊಂದು ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಗೆಳೆಯರೆಲ್ಲ ಮಲೆನಾಡಿನ ಜೀಪಿನವರು. ಚಕ್ರಕ್ಕೆ ಚೈನ್ ಕಟ್ಟಿ ಆಷಾಢದಲ್ಲಿ ತೋಟದ ದಿಬ್ಬ ಹತ್ತಿಸಿದವರು, ದೇವಿಮನೆ ಘಟ್ಟವನ್ನು ಮಂಜಿನಲ್ಲಿ ಕಣ್ಣು ಮುಚ್ಚಿ ಇಳಿಯುವವರು. ಆ ಧೈರ್ಯವೇ ಅಲ್ಲಿ ಸ್ವಲ್ಪ ಕೈಕೊಡುತ್ತದೆ. ಕೆಸರಿನಲ್ಲಿ ನಿಲ್ಲಿಸಿದರೆ ಕೂತಿತು ಎಂದು ನಾವು ಓಟ ಬಿಡುವುದಿಲ್ಲ, ಒಂದೇ ದಮ್ಮಿಗೆ ಎತ್ತುತ್ತೇವೆ. ಸಡಿಲ ಕಲ್ಲು, ಜಲ್ಲಿಯ ಇಳಿಜಾರಿನಲ್ಲಿ ಹಾಗೆ ಮಾಡಿದರೆ ಗಾಡಿ ಕಲ್ಲಿನ ಜೊತೆಗೇ ಜಾರುತ್ತದೆ. ಅಲ್ಲಿ ಫೋರ್ ವೀಲ್ ಲೋ ಹಾಕಿ, ಮೊದಲ ಗೇರಿನಲ್ಲಿ, ಬ್ರೇಕ್ ಮುಟ್ಟದೆ, ಇಂಜಿನ್ನೇ ಹಿಡಿದು ಇಳಿಸುವ ಹಾಗೆ ಬಿಡಬೇಕು. ಮೇಲೆ ಗಾಳಿ ತೆಳು, ಇಂಜಿನ್ನಿಗೂ ಏದುಸಿರು. ಟರ್ಬೊ ಇಲ್ಲದ ಹಳೆಯ ಜೀಪು ಸಾವಿರ ಮೀಟರಿಗೆ ಸುಮಾರು ಹತ್ತನೇ ಒಂದರಷ್ಟು ಶಕ್ತಿ ಕಳೆದುಕೊಳ್ಳುತ್ತದೆ; ಕುಂಜುಮ್ ಮೇಲೆ ನಿಮ್ಮ ಜೀಪು ಅರ್ಧ ಜೀಪು. ಕ್ಲಚ್ ಸುಟ್ಟ ವಾಸನೆ ಬಂದರೆ ಚಾಲಕನ ಮೇಲೆ ಕೂಗಾಡಬೇಡಿ, ನಿಲ್ಲಿಸಿ ಚಹಾ ಕುಡಿಯಿರಿ.

ಇನ್ನು ನೀರು. ನಮ್ಮ ಹಳ್ಳ ಮಳೆ ಬಂದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಅಲ್ಲಿನ ನಾಲಾ ಬಿಸಿಲಿಗೆ ಏರುತ್ತದೆ. ಆಕಾಶದಲ್ಲಿ ಮೋಡದ ಚೂರಿಲ್ಲ, ಆದರೂ ಮಧ್ಯಾಹ್ನದ ಮೇಲೆ ನೀರು ಕದಡಿ ಉಕ್ಕುತ್ತದೆ, ಮೇಲಿನ ಹಿಮ ಕರಗಿದ್ದು ಅಷ್ಟು ಹೊತ್ತಿಗೆ ಕೆಳಗೆ ಮುಟ್ಟಿರುತ್ತದೆ. ಬೆಳಗ್ಗೆ ಎಂಟಕ್ಕೆ ಚಕ್ರದ ಹಬ್ಬಿನ ಕೆಳಗಿದ್ದದ್ದು ಮೂರು ಗಂಟೆಗೆ ಬಾಗಿಲಿಗೆ ಬಡಿಯುತ್ತದೆ. ಒಬ್ಬರು ಕೋಲು ಹಿಡಿದು ಇಳಿದು ನೋಡದೆ ಯಾವ ಗಾಡಿಯೂ ನೀರಿಗೆ ಇಳಿಯಕೂಡದು. ತಡವಾಗಿದ್ದರೆ ಈಚೆ ದಡದಲ್ಲೇ ರಾತ್ರಿ ಕಳೆಯಿರಿ. ನಾನು ಮೊದಲೇ ಹೇಳಿದೆನಲ್ಲ, ನಿಮಗೆ ಯಾವ ಸೋಮವಾರ?

ಮೂರು ಗಾಡಿ ಒಟ್ಟಿಗೆ ಹೋಗುವುದಕ್ಕೂ ಒಂದು ಶಿಸ್ತು ಇದೆ. ಮುಂದಿನವನು ಹಿಂದಿನವನ ಜವಾಬ್ದಾರ. ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣದಿದ್ದರೆ ನಿಲ್ಲಬೇಕು. ದಾರಿ ಕವಲಾದಲ್ಲಂತೂ ಅದು ಬರುವವರೆಗೆ ಅಲುಗಬಾರದು. ಎಲ್ಲಕ್ಕಿಂತ ಒಳ್ಳೆಯ ಚಾಲಕ ಕೊನೆಯ ಗಾಡಿಯಲ್ಲಿರಲಿ, ಹಗ್ಗವೂ ಹತಾರಗಳೂ ಅದರಲ್ಲೇ ಇರಲಿ. ಮುಂದಿನ ಗಾಡಿಯಲ್ಲಿ ತುಂಬ ನಿಧಾನದವನು. ನಮ್ಮವರು ಇದನ್ನು ಯಾವಾಗಲೂ ತಿರುವುಮುರುವು ಮಾಡುತ್ತಾರೆ, ಶೂರನನ್ನು ಮುಂದೆ ಬಿಟ್ಟು ಧೂಳು ಕುಡಿಯುತ್ತಾರೆ.

ಜೀಪಿನ ಹುರುಪಿನಲ್ಲಿ ಒಂದು ಕೆಲಸ ಮಾತ್ರ ಮಾಡಬೇಡಿ. ದಾರಿ ಬಿಟ್ಟು ಬಯಲಿಗೆ ಇಳಿಸಬೇಡಿ. ನಮ್ಮಲ್ಲಿ ಬ್ಯಾಣದಲ್ಲಿ ಜೀಪು ಓಡಾಡಿದರೆ ಒಂದು ಮಳೆಗಾಲಕ್ಕೆ ಚಕ್ರದ ಗುರುತಿನ ಮೇಲೆ ಹುಲ್ಲು ಬಂದಿರುತ್ತದೆ. ಅಲ್ಲಿ ಅಳಿಸುವುದಕ್ಕೆ ಮಳೆ ಇಲ್ಲ, ಮುಚ್ಚುವುದಕ್ಕೆ ಹುಲ್ಲಿಲ್ಲ. ಇವತ್ತು ಹೊಡೆದ ಒಂದು ಸುತ್ತು ವರ್ಷಗಟ್ಟಲೆ ಉಳಿಯುತ್ತದೆ, ಆಮೇಲೆ ಬಂದವರು ಅದನ್ನೇ ದಾರಿ ಎಂದುಕೊಳ್ಳುತ್ತಾರೆ.

ಸಣ್ಣಪುಟ್ಟದ್ದು ಬೇಗ ಮುಗಿಸುತ್ತೇನೆ. ನಿಮ್ಮ ಲೈಸೆನ್ಸ್ ತೆಗೆದು ದಿನಾಂಕ ನೋಡಿ. ಐವತ್ತೈದು ದಾಟಿದವರಿಗೆ ಐದೈದು ವರ್ಷಕ್ಕೆ ನವೀಕರಣ, ಜೊತೆಗೆ ವೈದ್ಯರ ಸಹಿಯ ಫಾರ್ಮ್ 1ಎ. ಎತ್ತರಕ್ಕೆಂದು ಕೊಡುವ ಡಯಮಾಕ್ಸ್ ಮಾತ್ರೆಯನ್ನು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ, ಸಲ್ಫಾ ಮದ್ದು ಆಗದವರು ಅದನ್ನು ಮೊದಲೇ ಹೇಳಿ. ಅದು ಮೂತ್ರ ಹೆಚ್ಚಿಸುವ ಮಾತ್ರೆ. ನಮ್ಮ ವಯಸ್ಸಿನವರು ಹೇಗೂ ರಾತ್ರಿ ಎರಡು ಸಲ ಏಳುತ್ತೇವೆ. ನಾಲ್ಕು ಸಲ, ಅದೂ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಅಂಗಳ ದಾಟಿ ಹೋಗುವುದಿರುತ್ತದೆ. ಒಳ್ಳೆಯ ಟಾರ್ಚ್ ಒಯ್ಯಿರಿ. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವ ವಿಚಾರ ಸರಿಯಾಗಿದೆ, ಬಾಯಿ ರುಚಿ ಕೆಟ್ಟಾಗ ಅನ್ನ ಇಳಿಸುವುದು ಅದೇ. ಆದರೆ ಮುಚ್ಚಳ ಬಿಗಿದ ಡಬ್ಬಿ ಮೇಲೆ ಹೋದಂತೆ ಉಬ್ಬುತ್ತದೆ. ಕಲ್ಪಾದಲ್ಲಿ ಒಮ್ಮೆ ಸಡಿಲಿಸಿ, ಇಲ್ಲದಿದ್ದರೆ ಹಾಸಿಗೆಯ ತುಂಬ ಉಪ್ಪಿನಕಾಯಿ.

ಲಾಂಗ್ಜಾ ಊರಿಗೆ ಹೋದಾಗ ಮಕ್ಕಳು ಕೈಯಲ್ಲಿ ಸುರುಳಿ ಕಲ್ಲು ಹಿಡಿದು ಬರುತ್ತಾರೆ. ನೋಡಿ, ಕೊಳ್ಳಬೇಡಿ. ಕೋಟಿಗಟ್ಟಲೆ ವರ್ಷದ ಹಿಂದೆ ಅಲ್ಲಿದ್ದ ಟೆಥಿಸ್ ಸಮುದ್ರದ ಜೀವಿ ಅದು. ನಾನು ಆ ಊರನ್ನು ಚಿತ್ರದಲ್ಲಷ್ಟೇ ನೋಡಿದ್ದೇನೆ, ಅದಕ್ಕೆ ಒಂದು ದಿನ ಮೊದಲೇ ನನ್ನನ್ನು ಕೆಳಗಿಳಿಸಿದರು. ದಿನಾ ಕಡಲ ಕಪ್ಪೆಚಿಪ್ಪು ತುಳಿದು ಓಡಾಡುವವನಿಗೆ ನಾಲ್ಕು ಸಾವಿರ ಮೀಟರ್ ಮೇಲಿನ ಕಪ್ಪೆಚಿಪ್ಪು ನೋಡುವ ಆಸೆ ಹಾಗೇ ಉಳಿದಿದೆ.

ಕೊನೆಗೆ, ಮನೆಯಲ್ಲಿ ಹೇಳಿ. ಈ ವಾರವೇ. "ಹೆಂಗಸರನ್ನು ಬಿಟ್ಟು ಗಂಡಸರಷ್ಟೇ" ಎಂಬ ನಿಮ್ಮ ತೀರ್ಮಾನವನ್ನೂ ಇನ್ನೊಮ್ಮೆ ಯೋಚಿಸಿ. ನನ್ನನ್ನು ಜಮಖಾನದ ಮೇಲೆ ನಡೆಸಿದವರು ಯಾರೆಂದು ಮೇಲೆ ಬರೆದಿದ್ದೇನೆ, ಆ ರಾತ್ರಿ ಆಸ್ಪತ್ರೆಗೆ ಜೀಪು ಓಡಿಸಿದವರೂ ಅವರೇ.

ಗಾಡಿ ಎಳೆಯುವ ಒಂಬತ್ತು ಮೀಟರಿನ ಬೆಲ್ಟ್ ಒಂದು ನನ್ನ ಹತ್ತಿರ ಇದೆ. ಕಾರವಾರಕ್ಕೆ ಬಂದಾಗ ಕಚೇರಿಯಿಂದ ಒಯ್ಯಬಹುದು. ಬೆಲ್ಟ್ ಗಟ್ಟಿಯಿದೆ, ಅದನ್ನು ಗಾಡಿಗೆ ಸಿಕ್ಕಿಸುವ ಶ್ಯಾಕಲ್‌ಗಳು ಮಾತ್ರ ಇಲ್ಲಿನ ಉಪ್ಪು ಗಾಳಿಗೆ ತುಕ್ಕು ಹಿಡಿದಿವೆ. ಅವೆರಡನ್ನು ಹೊಸದಾಗಿ ಕೊಳ್ಳಿ.

— ಸಂ.