ಪಕ್ಷದ ಚಿಹ್ನೆಯಿಲ್ಲದೆ ಮತ ಕೇಳುವುದು ಹೇಗೆ?

ಪ್ರಶ್ನೆ: ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ಕ್ಷೇತ್ರದ ಮಹಿಳಾ ಮೀಸಲು ಸ್ಥಾನಕ್ಕೆ ಸ್ಪರ್ಧಿಸಬೇಕೆಂದಿದ್ದೇನೆ. ಕ್ಷೇತ್ರದಲ್ಲಿ ಒಟ್ಟು ಮೂರು ಸ್ಥಾನಗಳಿವೆ. ಮನೆಮನೆಗೆ ಹೋದಾಗ ಏನು ಹೇಳಬೇಕು, ಕರಪತ್ರದಲ್ಲಿ ಏನು ಬರೆಸಬೇಕು?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತವಾಗಿ ನಡೆಯುವುದರಿಂದ, ಪಕ್ಷದ ಹೆಸರು ಮಾಡಿಕೊಡುವ ಕೆಲಸವನ್ನು ಇಲ್ಲಿ ನಿಮ್ಮ ಮಾತೇ ಮಾಡಬೇಕು. ನಾಮಪತ್ರ ಹಿಂಪಡೆಯುವ ಅವಧಿ ಮುಗಿದ ಮೇಲೆ ಚಿಹ್ನೆ ಹಂಚಿಕೆಯಾಗಿ, ಮತದಾನಕ್ಕೆ ಕೆಲವೇ ದಿನಗಳು ಉಳಿದಿರುತ್ತವೆ. ಆದ್ದರಿಂದ ಹೇಳಬೇಕಾದುದನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ.

ನೀವು ಏನು ಮಾಡಬಲ್ಲಿರಿ ಎಂಬುದರಷ್ಟೇ ಸ್ಪಷ್ಟವಾಗಿ ಏನು ಮಾಡಲಾರಿರಿ ಎಂಬುದನ್ನೂ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಶಾಸಕರಿಗಿರುವಂತೆ ಪಂಚಾಯಿತಿ ಸದಸ್ಯರಿಗೆ ಪ್ರತ್ಯೇಕ ನಿಧಿಯಿಲ್ಲ. ವೃದ್ಧಾಪ್ಯ ವೇತನ ಮಂಜೂರಾಗುವುದು ಕಂದಾಯ ಇಲಾಖೆಯಲ್ಲಿ, ರೇಷನ್ ಕಾರ್ಡ್ ಆಹಾರ ಇಲಾಖೆಯಲ್ಲಿ. ಇವನ್ನು "ಕೊಡಿಸುತ್ತೇನೆ" ಎಂದು ಅಚ್ಚು ಹಾಕಿಸುವ ಬದಲು, ಅರ್ಜಿ ಹಿಡಿದು ನಾಡಕಚೇರಿಗೆ ಜೊತೆಯಲ್ಲಿ ಬರುತ್ತೇನೆ ಎನ್ನುವುದು ಸತ್ಯಕ್ಕೆ ಹತ್ತಿರ. ಕುಡಿಯುವ ನೀರು, ಬೀದಿದೀಪ, ಚರಂಡಿ, ಕಸ, ಇ-ಸ್ವತ್ತಿನ (ಆಸ್ತಿ ದಾಖಲೆಯ ಆನ್‌ಲೈನ್ ವ್ಯವಸ್ಥೆ) ನಮೂನೆ 9 ಮತ್ತು 11, ಇವು ಪಂಚಾಯಿತಿಯ ಕೆಲಸಗಳು. ನಿಮ್ಮ ಮಾತು ಇವುಗಳ ಸುತ್ತಲೇ ಇರಲಿ.

"ಊರನ್ನು ಅಭಿವೃದ್ಧಿ ಮಾಡುತ್ತೇನೆ" ಎಂಬ ಸಾಲು ಯಾರ ಕರಪತ್ರಕ್ಕೂ ಹೊಂದುತ್ತದೆ. ಅದರ ಬದಲು, ಇಂಥ ಓಣಿಯ ಚರಂಡಿಯನ್ನು ವಾರ್ಡ್ ಸಭೆಯಲ್ಲಿ ಎತ್ತಿ, ಗ್ರಾಮಸಭೆಯ ಮೂಲಕ ಕ್ರಿಯಾಯೋಜನೆಗೆ ಸೇರಿಸಲು ಒತ್ತಾಯಿಸುತ್ತೇನೆ ಎಂದು ಬರೆಸಿ. ದುಡ್ಡು ಎಲ್ಲಿಂದ ಎಂದು ಕೇಳುವವರು ಪ್ರತಿ ಊರಿನಲ್ಲೂ ಇರುತ್ತಾರೆ, ಇರಬೇಕು ಕೂಡ. ಕೇಂದ್ರದ 15ನೇ ಹಣಕಾಸು ಆಯೋಗವು ಪಂಚಾಯಿತಿಗಳ ಅನುದಾನದ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೆಂದೇ ಕಾಯ್ದಿರಿಸಿತ್ತು. ಈಗ ನಿಮ್ಮ ಪಂಚಾಯಿತಿಗೆ ಬರುತ್ತಿರುವುದೆಷ್ಟು, ತೆರಿಗೆ ವಸೂಲಿ ಎಷ್ಟು ಎಂಬುದನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಕೇಳಿ ಪಡೆದು, ಆ ಅಂಕಿಗಳನ್ನು ಕೈಯಲ್ಲಿಟ್ಟುಕೊಂಡೇ ಮಾತಾಡಿ.

ಇನ್ನು ಮತ ಹಾಕುವ ಕ್ರಮ. ಮೂರು ಸ್ಥಾನಗಳಿರುವಲ್ಲಿ ಮತದಾರರು ಬೇರೆ ಬೇರೆ ಅಭ್ಯರ್ಥಿಗಳಿಗೆ ಒಂದೊಂದರಂತೆ ಮೂರು ಮತ ಹಾಕಬಹುದು. ಅದಕ್ಕಿಂತ ಹೆಚ್ಚು ಗುರುತು ಹಾಕಿದರೆ ಮತಪತ್ರವೇ ತಿರಸ್ಕೃತವಾಗುತ್ತದೆ. 2020ರ ಚುನಾವಣೆಯಲ್ಲಿ ಬೀದರ್ ಜಿಲ್ಲೆಯೊಂದನ್ನು ಬಿಟ್ಟು ಉಳಿದೆಡೆಯೆಲ್ಲ ಮತಪತ್ರವೇ ಬಳಕೆಯಾಗಿತ್ತು. ವಯಸ್ಸಾದವರಿಗೆ ಇದನ್ನು ಕುಳಿತು, ಅವಸರವಿಲ್ಲದೆ ವಿವರಿಸಿ. ಒಬ್ಬರ ಕೈಯಲ್ಲಿ ಮೂರು ಮತಗಳಿರುವಾಗ ಉಳಿದ ಅಭ್ಯರ್ಥಿಗಳನ್ನು ಬೈದು ಗಳಿಸುವುದೇನೂ ಇಲ್ಲ. ಅವರಲ್ಲೊಬ್ಬರ ಬೆಂಬಲಿಗರೇ ನಿಮಗೂ ಒಂದು ಮತ ಕೊಡಬಹುದು.