ಜೇಡಿಮಣ್ಣಿನ ಹಿತ್ತಲಿನಲ್ಲಿ ನಾಯಿಗಳಿಗೆ ಕೃತಕ ಹುಲ್ಲುಹಾಸು

ಪ್ರಶ್ನೆ: ನಮ್ಮ ಹಿತ್ತಲಿನದು ಅಪ್ಪಟ ಜೇಡಿಮಣ್ಣು. ಮಳೆ ಬಂದರೆ ಮೂರು ದಿನ ಕೆಸರು, ಬಿಸಿಲು ಬಂದರೆ ಬೆರಳು ತೂರುವಷ್ಟು ಬಿರುಕು. ಎರಡು ದೊಡ್ಡ ನಾಯಿಗಳ ಓಡಾಟಕ್ಕೆ ಅಲ್ಲಿ ಹುಲ್ಲು ಉಳಿಯುತ್ತಿಲ್ಲವಾದ್ದರಿಂದ ಕೃತಕ ಹುಲ್ಲುಹಾಸು ಹಾಕಿಸಬೇಕೆಂದಿದ್ದೇವೆ. ನಾಲ್ಕು ಅಂಗುಲ ಮಣ್ಣು ತೆಗೆದು ಮರಳು ತುಂಬಿ ಹಾಸಿದರೆ ಸಾಕೆಂದು ಕೆಲಸ ಒಪ್ಪಿಕೊಂಡವರು ಹೇಳುತ್ತಾರೆ. ಆದರೆ ಹಾಗೆಯೇ ಹಾಸಿದ ಪರಿಚಿತರ ಮನೆಯಲ್ಲಿ ಆರೇ ತಿಂಗಳಿಗೆ ತಡೆಯಲಾರದ ನಾತ. ನಾವು ಏನು ಮಾಡಬೇಕು?

ಉತ್ತರ: ಮರಳು ತುಂಬಿಸುವ ಮಾತಿಗೆ ದಯವಿಟ್ಟು ಒಪ್ಪಬೇಡಿ. ನಿಮ್ಮ ಪರಿಚಿತರ ಹಿತ್ತಲಿನ ನಾತಕ್ಕೆ ಹುಲ್ಲು ಕಾರಣವಲ್ಲ, ಅದರ ಅಡಿಯಲ್ಲಿರುವುದು ಕಾರಣ. ಜೇಡಿಮಣ್ಣಿನ ಕಣಗಳು 0.002 ಮಿ.ಮೀ.ಗಿಂತಲೂ ಚಿಕ್ಕವು, ಒಮ್ಮೆ ನೆನೆದ ಮೇಲೆ ಆ ಮಣ್ಣಿನಲ್ಲಿ ಗಂಟೆಗೆ ಸಾಮಾನ್ಯವಾಗಿ 1ರಿಂದ 5 ಮಿ.ಮೀ. ನೀರಷ್ಟೇ ಇಂಗುತ್ತದೆ. ಅಂಥ ನೆಲವನ್ನು ನಾಲ್ಕು ಅಂಗುಲ ಅಗೆದರೆ ಅದು ಒಂದು ದೊಡ್ಡ ಬಾನಿಯಾಗುತ್ತದೆ. ಅದರೊಳಗೆ ತುಂಬಿದ ಮರಳು ಮಳೆನೀರನ್ನೂ ನಾಯಿಯ ಮೂತ್ರವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆಯುತ್ತವೆ, ಹುಟ್ಟಿದ ಅಮೋನಿಯಾ ಬಿಸಿಲೇರಿದಂತೆ ಮೇಲೇಳುತ್ತದೆ. ಇಂಥದ್ದೊಂದು ಹಾಸಿನ ಮೂಲೆಯನ್ನು ನಾನು ಎತ್ತಿ ನೋಡಿದ್ದೇನೆ. ಮೇಲೆ ಹುಲ್ಲು ಚೊಕ್ಕಟವಾಗಿ ಒಣಗಿತ್ತು. ಕೆಳಗಿನ ಮರಳು ಮಾತ್ರ ಕಪ್ಪಗೆ ಜಿಗುಟಾಗಿ ಬೆರಳಿಗೆ ಅಂಟಿಕೊಂಡು ಬಂತು, ಕಣ್ಣು ಉರಿಯುವಷ್ಟು ಘಾಟು. ಮೇಲಿನಿಂದ ಎಷ್ಟು ತೊಳೆದರೂ ಅದು ಹೋಗುವಂಥದ್ದಲ್ಲ.

ಆದ್ದರಿಂದ ಹುಲ್ಲನ್ನು ಆರಿಸುವ ಮೊದಲು ನೀರು ಹೊರಹೋಗುವ ದಾರಿಯನ್ನು ನಿರ್ಧರಿಸಿಕೊಳ್ಳಿ. ಹಿತ್ತಲಿನ ಅತಿ ತಗ್ಗಾದ ಕಡೆ ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯುತ್ತದೆಂದು ಅಳೆಯಿರಿ. ಮರುದಿನವೂ ನೀರು ನಿಂತಿದ್ದರೆ ಇಂಗುಗುಂಡಿಯ ಆಸೆ ಬಿಡಬೇಕು, ಏಕೆಂದರೆ ಅದು ಇನ್ನೊಂದು ಬಾನಿಯಾದೀತು ಅಷ್ಟೆ. ಆಗ ನೀರನ್ನು ಪೈಪಿನ ಮೂಲಕ ಇನ್ನೂ ತಗ್ಗಾದ ಜಾಗಕ್ಕೆ ಒಯ್ಯಬೇಕಾಗುತ್ತದೆ. ಆ ಜಾಗ ಬಾವಿಯ ಕಡೆಗೆ ಮಾತ್ರ ಇರಬಾರದು. ಅಂಥ ತಗ್ಗು ಎಲ್ಲಿಯೂ ಸಿಗದಿದ್ದರೆ ಮಣ್ಣು ಅಗೆಯುವುದೇ ಬೇಡ, ಸುತ್ತ ಕಟ್ಟೆ ಕಟ್ಟಿ ನೆಲದ ಮೇಲೆಯೇ ಜಲ್ಲಿಯ ಪದರ ಏರಿಸಿ, ತಗ್ಗಿನ ಬದಿಯ ಕಟ್ಟೆಯಲ್ಲಿ ನೀರು ಹೋಗಲು ಕಿಂಡಿಗಳನ್ನು ಬಿಡಿಸಿ. ನಾನು ನೋಡಿರುವ ಮಟ್ಟಿಗೆ ಗಟ್ಟಿ ಜೇಡಿಮಣ್ಣಿಗೆ ಈ ಕ್ರಮವೇ ಹೆಚ್ಚು ಭದ್ರ, ಆದರೆ ಮನೆಯ ಗೋಡೆಗೆ ಅದನ್ನು ಒತ್ತಿ ಕಟ್ಟಬಾರದು.

ಅಗೆಯುವುದಾದರೆ ಮಣ್ಣಿನ ಹದ ನೋಡಿ ಕೆಲಸ ಆರಂಭಿಸಿ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ನೋಡಿ. ಉಂಡೆ ಒಡೆದರೆ ಹದವಾಗಿದೆ; ಬೆರಳಿನ ಗುರುತು ನುಣ್ಣಗೆ ಹೊಳೆಯುತ್ತ ಉಳಿದರೆ ಇನ್ನೂ ಹಸಿಯಾಗಿದೆ, ಕೆಲವು ದಿನ ಕಾಯಿರಿ. ಹಸಿಮಣ್ಣನ್ನು ದಮ್ಮಸು ಮಾಡಿದರೆ ಅದು ಮೇಲೆ ಏಳುತ್ತ ಬೀಳುತ್ತ ಇರುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಇನ್ನು, ಇಳಿಜಾರನ್ನು ಮೇಲಿನ ಹಾಸಿಗೆ ಮಾತ್ರ ಕೊಟ್ಟು ಕೈತೊಳೆದುಕೊಳ್ಳುವುದು ಎಲ್ಲೆಡೆ ಕಾಣುವ ತಪ್ಪು. ಅಡಿಯ ಮಣ್ಣಿಗೇ ಮೀಟರಿಗೆ ಒಂದರಿಂದ ಎರಡು ಸೆಂ.ಮೀ.ನಂತೆ, ಮನೆಯಿಂದ ಹೊರಮುಖವಾಗಿ ಇಳಿಜಾರು ಬರಬೇಕು. ದಾರ ಎಳೆದು ರಸಮಟ್ಟ ಹಿಡಿದು ನೀವೇ ನೋಡಿ, ಇದನ್ನು ಬಾಯಿಮಾತಿಗೆ ಬಿಡಬೇಡಿ.

ತಗ್ಗಿನ ಅಂಚಿನಲ್ಲಿ ಕಾಲುವೆ ತೋಡಿ ನಾಲ್ಕು ಅಂಗುಲದ ತೂತಿನ ಪೈಪನ್ನು ಇಡಿಸಿ, ಸುತ್ತ ಜಲ್ಲಿ ತುಂಬಿಸಿ. ಮಣ್ಣಿನ ಮೇಲೆ ನೀರು ಸೋಸುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಲೇಬೇಕು. ಅದಿಲ್ಲದಿದ್ದರೆ ಮಳೆಗಾಲಗಳು ಕಳೆದಂತೆ ಜೇಡಿ ಮೇಲೇರಿ ಜಲ್ಲಿಯ ಸಂದುಗಳನ್ನೆಲ್ಲ ಮುಚ್ಚುತ್ತದೆ. ಪ್ಲಾಸ್ಟಿಕ್ ಹಾಳೆ ಅದಕ್ಕೆ ಬದಲಿಯಲ್ಲ. ಬಟ್ಟೆಯ ಮೇಲೆ ಪುಡಿಯಿಲ್ಲದ, ತೊಳೆದ 20 ಮಿ.ಮೀ. ಜಲ್ಲಿಯನ್ನು ಹತ್ತರಿಂದ ಹದಿನೈದು ಸೆಂ.ಮೀ. ದಪ್ಪಕ್ಕೆ ಹರಡಿ ದಮ್ಮಸು ಮಾಡಿಸಿ, ಮಟ್ಟ ಮಾಡಲು 6 ಮಿ.ಮೀ. ಕಲ್ಲಿನ ಚಿಪ್ಸ್‌ನ ತೆಳು ಪದರ ಕೊಡಿ. ಕಲ್ಲುಪುಡಿ ಹಾಕಿದರೆ ನೆಲ ನಯವಾಗಿ ಕೂರುತ್ತದೆಂದು ಕೆಲಸದವರು ಹೇಳಿಯಾರು. ಕೂರುವುದು ನಿಜ, ಆದರೆ ಆ ಪುಡಿ ಮರಳಿನ ಹಾಗೆಯೇ ಮೂತ್ರವನ್ನು ಹಿಡಿದಿಡುತ್ತದೆ.

ಹುಲ್ಲಿನ ವಿಷಯದಲ್ಲಿ ಎಳೆ 25ರಿಂದ 35 ಮಿ.ಮೀ. ಉದ್ದವಿದ್ದರೆ ಸಾಕು. ಅದಕ್ಕಿಂತ ಮುಖ್ಯವಾದುದು ಹಾಸಿನ ಬೆನ್ನು. ಅಲ್ಲೊಂದು ಇಲ್ಲೊಂದು ತೂತು ಕೊರೆದ ಹಾಸಿನಲ್ಲಿ ಮೂತ್ರ ತೂತು ಸಿಗುವವರೆಗೂ ಅಡ್ಡಡ್ಡ ಹರಿಯುತ್ತದೆ, ಹೀಗಾಗಿ ಬೆನ್ನಿನ ಉದ್ದಗಲಕ್ಕೂ ನೀರು ಇಳಿಯುವಂಥದ್ದನ್ನೇ ಕೇಳಿ. ಮಾದರಿ ತುಂಡಿನ ಮೇಲೆ ಒಂದು ಲೋಟ ನೀರು ಸುರಿದರೆ ವ್ಯತ್ಯಾಸ ಅಲ್ಲೇ ತಿಳಿಯುತ್ತದೆ. ಎಳೆಗಳ ನಡುವೆ ಉದುರಿಸಲು ರಬ್ಬರ್ ಹರಳು ಬೇಡ, ಜಿಯೋಲೈಟ್ ಎಂಬ ಸೂಕ್ಷ್ಮರಂಧ್ರಗಳ ಖನಿಜದ ಹರಳು ಇರಲಿ. ಅದು ಅಮೋನಿಯಂ ಅನ್ನು ಹೀರಿಕೊಳ್ಳುತ್ತದೆ, ಆದರೆ ಅದರ ಶಕ್ತಿಗೂ ಮಿತಿಯಿರುವುದರಿಂದ ಕಾಲಕಾಲಕ್ಕೆ ಹೊಸದನ್ನು ಸೇರಿಸಬೇಕು. ಮಲವನ್ನು ಕೂಡಲೇ ಎತ್ತಿ, ಮೂತ್ರ ಬಿದ್ದ ಜಾಗಕ್ಕೆ ಅಂದಂದೇ ನೀರು ಹೊಯ್ಯಿರಿ, ನಾತವೆನಿಸಿದಾಗ ಕಿಣ್ವವಿರುವ ದ್ರಾವಣ ಬಳಸಿ. ಬ್ಲೀಚನ್ನು ಮಾತ್ರ ಎಂದಿಗೂ ಸುರಿಯಬೇಡಿ: ಅದು ಅಮೋನಿಯಾದೊಂದಿಗೆ ಸೇರಿದರೆ ಕ್ಲೋರಮೈನ್ ಎಂಬ ವಿಷಾನಿಲ ಹುಟ್ಟುತ್ತದೆ, ನೆಲಕ್ಕೆ ಮೂಗಿಟ್ಟು ನಡೆಯುವ ನಾಯಿಗೆ ಅದು ಮೊದಲು ತಗಲುತ್ತದೆ.

ಪ್ರಶ್ನೆ: ಬಿಸಿಲಿಗೆ ನಾಯಿಗಳ ಪಾದ ಸುಡುವುದಿಲ್ಲವೆ? ನಮ್ಮದೊಂದು ನಾಯಿಗೆ ನೆಲ ಕೆರೆಯುವ ಅಭ್ಯಾಸವೂ ಇದೆ.

ಉತ್ತರ: ಸುಡುತ್ತದೆ. ನೆತ್ತಿಯ ಮೇಲಿನ ಬಿಸಿಲಿಗೆ ಈ ಹಾಸು 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಅಂಗೈಯ ಹಿಂಬದಿಯನ್ನು ಹಾಸಿಗೆ ಒತ್ತಿ ಏಳು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ನಾಯಿಯನ್ನು ಬಿಡಬೇಡಿ. ನೀರು ಚಿಮುಕಿಸಿದ ತಂಪು ಹೆಚ್ಚು ಹೊತ್ತು ನಿಲ್ಲದು, ನೆರಳೇ ಬೇಕು. ಕೆರೆಯುವ ನಾಯಿ ಸಾಮಾನ್ಯವಾಗಿ ಅಂಚು ಮತ್ತು ಕೂಡುಗೆರೆಗಳಿಂದಲೇ ಆರಂಭಿಸುವುದರಿಂದ ಅಲ್ಲಿ ಅಂಟು, ಮೊಳೆ, ಅಂಚುಪಟ್ಟಿ ಮೂರೂ ಭದ್ರವಾಗಿರಲಿ. ಕಿತ್ತ ಎಳೆ ನುಂಗಿದರೆ ಕರುಳು ಕಟ್ಟಿಕೊಳ್ಳುವ ಅಪಾಯವಿದೆಯಾದ್ದರಿಂದ ವಾರಕ್ಕೊಮ್ಮೆ ಕೈಯಾಡಿಸಿ ನೋಡಿ. ಒಂದು ಮೂಲೆಯಲ್ಲಿ ಹಾಸನ್ನೇ ಹಾಕದೆ, ಸಡಿಲ ಮಣ್ಣು ತುಂಬಿದ ಚೌಕವೊಂದನ್ನು ಆ ನಾಯಿಗೆ ಬಿಟ್ಟುಕೊಡಿ.